ಹತ್ತು ಚುಕ್ಕಿ

ಹತ್ತು ಅಕ್ಷರ ಒತ್ತಿದರೆ ಹತ್ತೇ ಚುಕ್ಕಿ ಬರಬೇಕು. ಶನಿವಾರ ಸಂಜೆ ನನಗೆ ಅದಕ್ಕಿಂತ ಹೆಚ್ಚು ಬಂದವು. ಎಷ್ಟು ಹೆಚ್ಚು ಎಂದು ಎಣಿಸಲಿಲ್ಲ. ಪರದೆಯ ಮೇಲಿನ ಆ ಬಿಳಿ ಪಟ್ಟಿಯ ಮುಕ್ಕಾಲು ಪಾಲು ಕಪ್ಪು ಚುಕ್ಕಿಗಳಿಂದ ತುಂಬಿಹೋದದ್ದು ಮಾತ್ರ ಚೆನ್ನಾಗಿ ನೆನಪಿದೆ. ಭಾನುವಾರ ಬೆಳಗ್ಗೆ ಡೈರಿ ತೆಗೆದು ಬರೆದುಕೊಂಡದ್ದು ಇಷ್ಟೇ: ‘ಚುಕ್ಕಿ ಯಾಕೆ ಜಾಸ್ತಿ ಬಂದವು? ಅವುಗಳ ಹಿಂದೆ ನಾನು ಬರೆದದ್ದನ್ನು ಯಾರಾದರೂ ಓದಿಬಿಡಬಹುದೆ?’ ಬರೆದ ಮೇಲೆ ಮನಸ್ಸು ಒಂದಿಷ್ಟು ತಿಳಿಯಾಗುವುದುಂಟು. ಅವತ್ತು ಆಗಲಿಲ್ಲ. ಅಮ್ಮ ಕರೆದಾಗ ಎದ್ದುಹೋಗಿ, ಆಗಲೇ ಹಿಂಡಿಟ್ಟಿದ್ದ ಬಟ್ಟೆಗಳನ್ನೇ ಇನ್ನೊಂದು ಸಲ ಹಿಂಡಿ ಹರವಿದೆ.

ಆ ಚುಕ್ಕಿಗಳು ಒಂದು ಪಾಸ್‌ವರ್ಡಿನವು. ಶ್ರೀನಿವಾಸಪುರದ ನಮ್ಮ ಮಾವು ಬೆಳೆಗಾರರ ಸಂಘಕ್ಕೆ ಎರಡು ವರ್ಷದ ಹಿಂದೆ ಒಂದು ವೆಬ್‌ಸೈಟ್ ಆಯಿತು. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅದರ ಮುಂದೆ ತಂದು ಕೂರಿಸಿದವರು ಅಪ್ಪ. ಅಪ್ಪ ಅಲ್ಲೇ ಲೆಕ್ಕಪತ್ರ ನೋಡುತ್ತಾರೆ. ಸಂಘದವರಿಗೆಲ್ಲ ಕೃಷ್ಣಮೂರ್ತಿಗಳು ಎಂದರೆ ಒಂದು ಮರ್ಯಾದೆ. ಮುಳಬಾಗಿಲಿನಿಂದ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ, ಅವರು ಮುಂದೆ, ನಾನು ಹೆಂಗಸರ ಸೀಟಿನಲ್ಲಿ. ಮೇ, ಜೂನ್ ಬಂತೆಂದರೆ ನನಗೆ ಬಿಡುವಿಲ್ಲ. ಯಾರ ತೋಟದಲ್ಲಿ ಯಾವ ಹಣ್ಣು ಇವತ್ತು ಇಳಿದಿದೆ, ಎಷ್ಟು ಪೆಟ್ಟಿಗೆ, ಫೋನ್ ನಂಬರೇನು ಎಂದು ದಿನಾ ಪಟ್ಟಿ ಹಾಕಬೇಕು. ಅದನ್ನು ನೋಡಿ ಬೆಂಗಳೂರಿನವರು ನೇರವಾಗಿ ತೋಟದವರಿಗೇ ಫೋನ್ ಮಾಡುತ್ತಾರೆ. ನಾನು ನೋಡದ, ನನ್ನನ್ನು ನೋಡದ ಯಾರೋ ನಾನು ಬರೆದದ್ದನ್ನು ಓದಿ ಹಣ್ಣು ತರಿಸಿಕೊಂಡು ತಿನ್ನುತ್ತಾರೆ ಎನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಯಾರಿಗೂ ಹೇಳಿಲ್ಲ. ಹೇಳಿದರೆ ನಗುತ್ತಾರೆ.

ಶನಿವಾರ ಮಧ್ಯಾಹ್ನ ಅಪ್ಪ ಎಲ್ಲರೆದುರಿಗೆ ಒಂದು ಸುದ್ದಿ ಹೇಳಿದರು. ಕೋಲಾರದ ಒಂದು ಕಾಲೇಜಿನಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿದೆ, ಬುಧವಾರ ಹನ್ನೊಂದಕ್ಕೆ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಕೊಟ್ಟು ಸೇರಿಸುವುದೊಂದೇ ಬಾಕಿ. ಕಾರ್ಯದರ್ಶಿ ನರಸಿಂಹಪ್ಪನವರು ಮೈಸೂರುಪಾಕು ತರಿಸಿದರು. ಮಲ್ಲಿಕಾ ಹಣ್ಣಿನ ತೋಟವಿರುವ ಗಂಗುಲಪ್ಪಜ್ಜ ಎದ್ದು ನಿಂತು, ‘ಇನ್ಮೇಲೆ ನಾವೆಲ್ಲ ಕೈಕಟ್ಟಿ ನಿಂತ್ಕೋಬೇಕು, ಟೀಚರಮ್ಮ ಬಂದ್ರು’ ಎಂದು ಕೈಕಟ್ಟಿ ತೋರಿಸಿದ. ಎಲ್ಲರೂ ನಕ್ಕರು. ನಿನಗೆ ಖುಷಿ ತಾನೆ ಎಂದು ಅಪ್ಪ ಕೇಳಿದರು. ನಾನು ಹೂಂ ಎಂದೆ.

ಹಿಂದಿನ ವರ್ಷ ತಾಯಲೂರಿನ ಹೈಸ್ಕೂಲಿನಲ್ಲಿ, ರಜದ ಮೇಲಿದ್ದ ಮೇಷ್ಟರೊಬ್ಬರ ಬದಲಿಗೆ ನಾನು ಐದು ದಿನ ಪಾಠ ಮಾಡಿದ್ದೆ. ಪಾಠ ಮಾಡಿದೆ ಎನ್ನುವುದು ಅಪ್ಪನ ಮಾತು. ನಾನು ಮಾಡಿದ್ದು, ಎಂಟನೇ ಕ್ಲಾಸಿನೊಳಕ್ಕೆ ಹೋಗಿ, ಬೋರ್ಡಿನ ಕಡೆ ತಿರುಗಿ, ಗಂಟೆ ಹೊಡೆಯುವವರೆಗೆ ಬರೆಯುತ್ತಲೇ ಇದ್ದದ್ದು. ಬೋರ್ಡು ತುಂಬಿದರೆ ಒರೆಸಿ ಮತ್ತೆ ಬರೆಯುವುದು. ಮೂರನೇ ದಿನ ಹಿಂದಿನ ಬೆಂಚಿನಿಂದ ಒಂದು ಹುಡುಗಿ, ‘ಮಿಸ್, ಒಂದ್ಸಲ ಈ ಕಡೆ ತಿರುಗಿ, ನಿಮ್ಮ ಮುಖ ಹೆಂಗಿದೆ ನೋಡ್ತೀವಿ’ ಎಂದಳು. ನಾನು ತಿರುಗಲಿಲ್ಲ. ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿದ್ದದ್ದು ಅವರಿಗೆಲ್ಲ ಕಾಣುತ್ತಿರಬೇಕು ಎಂದು ಯೋಚಿಸುತ್ತಾ ಬರೆದೆ. ಹೆಡ್‌ಮಾಸ್ಟರು ಅಪ್ಪನಿಗೆ, ನಿಮ್ಮ ಮಗಳ ಅಕ್ಷರ ಬಹಳ ಚೆನ್ನ, ಹುಟ್ಟಾ ಟೀಚರ್ ಅವಳು ಎಂದರಂತೆ. ಅವತ್ತಿನಿಂದ ಅಪ್ಪನಿಗೆ ಬಿ.ಎಡ್. ಹಿಡಿಯಿತು. ಸೀಟಿಗೋಸ್ಕರ ಅಮ್ಮ ಕುರುಡುಮಲೆ ಗಣಪನಿಗೆ ಹರಕೆ ಹೊತ್ತರು. ಎಂಟು ತಿಂಗಳು ಅವರಿಬ್ಬರೂ ಇದರ ಬಗ್ಗೆ ಮಾತಾಡಿದರು. ಎಂಟು ತಿಂಗಳೂ ನಾನು ಹೂಂ ಎನ್ನುತ್ತಾ ಬಂದೆ.

ಅದೇ ಶನಿವಾರ ಸಂಜೆ ಐದರ ಹೊತ್ತಿಗೆ ಕೋಲಾರದಿಂದ ಕದಿರೇಶ್ ಫೋನ್ ಮಾಡಿದರು. ನಮ್ಮ ವೆಬ್‌ಸೈಟ್ ಕಟ್ಟಿದವರು, ನೋಡಿಕೊಳ್ಳುವವರು ಅವರೇ. ಹಳೆಯ ಪಾಸ್‌ವರ್ಡನ್ನು ಯಾರೋ ಗೋಡೆಯ ಕ್ಯಾಲೆಂಡರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರು, ಬಂದುಹೋಗುವವರೆಲ್ಲ ಓದಬಹುದಿತ್ತು. ಅದನ್ನು ಬದಲಾಯಿಸಬೇಕು, ನೀವೇ ಮಾಡಿ, ಹೊಸದನ್ನು ಒಂದು ಚೀಟಿಯಲ್ಲಿ ಬರೆದು ಕವರಿಗೆ ಹಾಕಿ ಕಾರ್ಯದರ್ಶಿಗಳಿಗೆ ಕೊಟ್ಟುಬಿಡಿ ಎಂದರು. ಎರಡು ಕಡೆ ಬದಲಾಯಿಸಬೇಕು ಎಂದು ಒತ್ತಿ ಹೇಳಿದರು. ‘ಬಾಗಿಲಿಗೆ ಹೊಸ ಬೀಗ ಹಾಕಿದ್ರೆ ಒಳಗಿರೋರಿಗೂ ಹೊಸ ಬೀಗದಕೈ ಕೊಡ್ಬೇಕಲ್ಲ ಮೇಡಂ, ಹಂಗೆ. ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ರೆ ಸೈಟ್ ಬಂದ್.’

ಅದುವರೆಗೆ ನಾನು ಕನ್ನಡದಲ್ಲಿ ಹಣ್ಣಿನ ಹೆಸರುಗಳನ್ನು ಕುಟ್ಟುತ್ತಿದ್ದೆ. ಬಾದಾಮಿ, ರಸಪುರಿ, ಮಲ್ಲಿಕಾ. ಅದನ್ನು ಮುಚ್ಚಿ, ಬೆಳಗ್ಗೆಯೇ ಹಳೆಯ ಪಾಸ್‌ವರ್ಡ್ ಹಾಕಿ ತೆರೆದಿಟ್ಟಿದ್ದ ಸೈಟಿನಲ್ಲಿ ಕದಿರೇಶ್ ಹೇಳಿದ ಪುಟಕ್ಕೆ ಹೋದೆ. ಹೊಸ ಪಾಸ್‌ವರ್ಡ್ ಎಂದು ಪರದೆ ಕೇಳಿತು. ಏನು ಹಾಕಲಿ ಎಂದು ಯೋಚಿಸಲೇ ಇಲ್ಲ. ಇಲ್ಲಿ ಬರೆದದ್ದು ಯಾರಿಗೂ ಕಾಣುವುದಿಲ್ಲ, ಬರೀ ಚುಕ್ಕಿ ಬರುತ್ತದೆ ಎನ್ನುವುದಷ್ಟೇ ತಲೆಯಲ್ಲಿತ್ತು. ಬೆರಳುಗಳು ತಾವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಎರಡು ಪದಗಳನ್ನು ಜಾಗ ಬಿಡದೆ ಒತ್ತಿದವು, ಒಟ್ಟು ಹತ್ತು ಅಕ್ಷರ. ನನಗೆಬೇಡ. ಇನ್ನೊಮ್ಮೆ ಬರೆಯಿರಿ ಎಂದಿತು. ಇನ್ನೊಮ್ಮೆ ಒತ್ತಿದೆ. ಎಂಟು ತಿಂಗಳಲ್ಲಿ ಅದನ್ನು ಹೇಳಿದ್ದು ಅವತ್ತೇ, ಅದೂ ಒಂದು ಯಂತ್ರಕ್ಕೆ. ಅದು ತಕರಾರಿಲ್ಲದೆ ಒಪ್ಪಿಕೊಂಡಿತು. ಬದಲಾಗಿದೆ ಎಂದು ಹಸಿರು ಅಕ್ಷರಗಳಲ್ಲಿ ಬಂತು.

ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಯು.ಪಿ.ಎಸ್. ಕೆಟ್ಟು ಎರಡು ತಿಂಗಳಾಗಿತ್ತು, ಪರದೆ ಕಪ್ಪಾಯಿತು. ಅಪ್ಪ ಛತ್ರಿ ತೆಗೆದುಕೊಂಡು ಬಾಗಿಲಲ್ಲಿ ನಿಂತು, ಬಸ್ಸು ತಪ್ಪುತ್ತದೆ ಎಂದರು. ನಾನು ಎದ್ದು ಹೊರಟೆ. ಎರಡನೆಯ ಕಡೆ ಬದಲಾಯಿಸುವುದು, ಚೀಟಿ, ಕವರು, ಯಾವುದೂ ನೆನಪಿಗೆ ಬರಲಿಲ್ಲ. ಚುಕ್ಕಿ ಜಾಸ್ತಿ ಬಂದವು ಎನ್ನುವುದೊಂದೇ ನನ್ನ ಜೊತೆ ಮುಳಬಾಗಿಲಿಗೆ ಬಂತು.

ಸೋಮವಾರ ನಾವು ಬಸ್ಸಿಳಿದು ಆಫೀಸಿಗೆ ಹೋಗುವಾಗಲೇ ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಶನಿವಾರ ಸಂಜೆಯಿಂದ ವೆಬ್‌ಸೈಟ್ ಇಲ್ಲ. ಯಾರು ತೆರೆದರೂ ಪಟ್ಟಿಯ ಬದಲು ಕದಿರೇಶ್ ಯಾವತ್ತೋ ಮಾಡಿಟ್ಟಿದ್ದ ಒಂದೇ ಪುಟ: ದೊಡ್ಡ ಮಾವಿನಹಣ್ಣಿನ ಚಿತ್ರ, ಕೆಳಗೆ ‘ದಯವಿಟ್ಟು ಸ್ವಲ್ಪ ಹೊತ್ತು ಬಿಟ್ಟು ಬನ್ನಿ’. ಏನು ಕೆಟ್ಟರೂ ಅದೇ ಪುಟ ಬರುವ ಹಾಗೆ ಮಾಡಿದ್ದರು. ಅದನ್ನು ನೋಡಿದ ಕ್ಷಣ ನನಗೆ ಎರಡನೆಯ ಕಡೆ ನೆನಪಾಯಿತು. ಪುಟ ಮುಚ್ಚಿ ಇನ್ನೊಮ್ಮೆ ತೆರೆದು ನೋಡಿದೆ.

ನಾನು ಬಾಯಿ ಬಿಡುವುದರೊಳಗೆ ಆಫೀಸು ತುಂಬಿತು, ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಗಂಗುಲಪ್ಪಜ್ಜನ ಪ್ರಕಾರ ಎಲ್ಲ ಕರೆಂಟಿನದು. ಶನಿವಾರ ಹೋದಾಗ ವೆಬ್‌ಸೈಟೂ ಹೋಗಿದೆ, ಬಂದಾಗ ದಾರಿ ತಪ್ಪಿದೆ. ವೆಬ್‌ಸೈಟ್ ಇರುವುದು ನಮ್ಮ ಆಫೀಸಿನಲ್ಲಲ್ಲ, ಎಲ್ಲೋ ದೂರದ ಯಂತ್ರದಲ್ಲಿ, ಅಲ್ಲಿಗೂ ನಮ್ಮ ಕರೆಂಟಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ರಸ್ತೆ ಅಗಲ ಮಾಡುವವರು ಕೇಬಲ್ ಕಿತ್ತಿದ್ದಾರೆ ಎಂದು ನರಸಿಂಹಪ್ಪನವರು ಹೇಳಿದಾಗ, ಹೌದು ಹಾಗೇ ಆಗಿರಲಿ ದೇವರೇ ಎಂದುಕೊಂಡೆ. ಆದರೆ ಬೇರೆ ಎಲ್ಲ ಪುಟಗಳೂ ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ತೆರೆಯುತ್ತಿದ್ದವು. ಒಬ್ಬರು, ಭಾನುವಾರದ ಪೇಪರಿನಲ್ಲಿ ಮಲ್ಲಿಕಾ ಹಣ್ಣಿನ ಬಗ್ಗೆ ಬಂದಿತ್ತಲ್ಲ, ಎಲ್ಲರೂ ಒಟ್ಟಿಗೆ ನುಗ್ಗಿ ಬಾಗಿಲು ಕಿತ್ತುಹೋಗಿರಬೇಕು ಎಂದರು. ಇನ್ನೊಬ್ಬರು ವರ್ಷದ ಶುಲ್ಕ ಕಟ್ಟದಿದ್ದರೆ ಹೆಸರನ್ನೇ ಕಿತ್ತುಹಾಕುತ್ತಾರಂತೆ ಎಂದು ಅಪ್ಪನ ಕಡೆ ನೋಡಿದರು. ಅಪ್ಪ ಎದ್ದು, ಮಾರ್ಚಿ ತಿಂಗಳ ರಸೀತಿ ತೆಗೆದು ಅವರ ಮುಂದೆ ಇಟ್ಟು, ಮತ್ತೆ ಲೆಕ್ಕದ ಪುಸ್ತಕಕ್ಕೆ ತಲೆ ಬಗ್ಗಿಸಿದರು.

ವೈರಸ್ ಬಂದಿರಬಹುದು ಎಂದರು ನರಸಿಂಹಪ್ಪನವರು.

‘ವೈರಸ್ಸಾ?’ ಎಂದ ಗಂಗುಲಪ್ಪಜ್ಜ. ‘ನಮ್ಮ ಗಿಡಕ್ಕೆ ಬೂದಿರೋಗ ಬಂದಾಗ ಗಂಧಕ ಹೊಡೀತೀವಲ್ಲ, ಅಂಗೆ ಒಂದು ಕೈ ಇದಕ್ಕೂ ಹೊಡೀರಪ್ಪ.’

ಕಸ ಗುಡಿಸುವ ಚಿಕ್ಕಗಂಗಮ್ಮ ಯಾರನ್ನೂ ಕೇಳದೆ ಕಂಪ್ಯೂಟರಿನ ತಲೆಗೆ ಒಂದು ನಿಂಬೆಹಣ್ಣು, ಮೂರು ಹಸಿಮೆಣಸಿನಕಾಯಿ ಕಟ್ಟಿಹೋದಳು. ಎರಡು ದಿನ ನಾನು ಅದರ ಕೆಳಗೇ ಕೂತೆ.

ಮಧ್ಯಾಹ್ನ ಕದಿರೇಶ್ ಬಂದರು. ಅವರನ್ನು ನೋಡಿದ್ದು ಅದು ಮೂರನೆಯದೋ ನಾಲ್ಕನೆಯದೋ ಸಲ. ಹೆಗಲಿಗೆ ಬ್ಯಾಗು, ಅಂಗಿಯ ಮೇಲೆಲ್ಲ ಬಸ್ಸಿನ ಧೂಳು. ಜನ ಹೇಳಿದ ಕಾರಣಗಳನ್ನೆಲ್ಲ ನಗದೆ ಕೇಳಿಸಿಕೊಂಡು, ಒಂದೊಂದನ್ನೂ ಪರೀಕ್ಷೆ ಮಾಡಿ ಇಲ್ಲ ಇಲ್ಲ ಎಂದು ಬದಿಗಿಟ್ಟರು. ಕೇಬಲ್ ಸರಿಯಿದೆ. ಹೆಸರು ನಮ್ಮದೇ ಇದೆ. ದೂರದ ಯಂತ್ರವೂ ಓಡುತ್ತಿದೆ. ಪ್ರತಿಯೊಂದು ಕಾರಣ ಹೋದಾಗಲೂ ನನ್ನ ಬೆನ್ನ ಹಿಂದಿನ ಗೋಡೆ ಒಂದು ಗೇಣು ಮುಂದೆ ಬಂದ ಹಾಗಾಗುತ್ತಿತ್ತು.

‘ಸೈಟ್ ಬಿದ್ದೋಗೋಕೆ ಹತ್ತಾರು ಕಾರಣ ಇರ್ತವೆ ಸಾರ್,’ ಎಂದರು ನರಸಿಂಹಪ್ಪನವರಿಗೆ. ‘ನಾನು ನೋಡಿರೋದ್ರಲ್ಲಿ ಮಾತ್ರ, ಮುಕ್ಕಾಲು ಪಾಲು ಯಾರೋ ಏನೋ ಬದಲಾಯಿಸಿರೋದೇ ಆಗಿರುತ್ತೆ.’ ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. ‘ಶನಿವಾರ ಪಾಸ್‌ವರ್ಡ್ ಬದಲಾಯಿಸಿದ್ರಾ ಮೇಡಂ?’

ಮೂರು ಮಾರು ದೂರದಲ್ಲಿ ಅಪ್ಪ ಪೆನ್ನು ನಿಲ್ಲಿಸಿ ತಲೆಯೆತ್ತಿದರು. ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಏನು ಹಾಕಿದ್ರಿ, ಹೇಳಿ. ಅದನ್ನು ಅಪ್ಪನೆದುರು, ಮೈಸೂರುಪಾಕು ತಿಂದ ಇಷ್ಟು ಜನರೆದುರು ಹೇಳಬೇಕು.

‘ಇಲ್ಲ,’ ಎಂದೆ. ‘ಅಷ್ಟರಲ್ಲಿ ಕರೆಂಟ್ ಹೋಯ್ತು.’

ಅರ್ಧ ನಿಜವೇ ಅದು. ಡೈರಿಯಲ್ಲಿ ಬರೆಯಲು ಹೋದಾಗ ಆ ಅರ್ಧವೂ ನಿಜವಲ್ಲ ಎಂದು ಗೊತ್ತಾಯಿತು.

ಬದಲಾಗಿಲ್ಲ ಎಂದ ಮೇಲೆ ಕದಿರೇಶ್ ಕ್ಯಾಲೆಂಡರಿನ ಮೇಲಿದ್ದ ಹಳೆಯ ಪಾಸ್‌ವರ್ಡನ್ನೇ ಒತ್ತಿದರು. ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದರು. ಮುಖದ ಬಣ್ಣ ಬದಲಾಯಿತು. ಯಂತ್ರ ಇಟ್ಟುಕೊಂಡಿರುವ ಬೆಂಗಳೂರಿನ ಕಂಪನಿಗೆ ಫೋನ್ ಮಾಡಿದರೆ, ಮರೆತವರಿಗೆ ಹೊಸ ಪಾಸ್‌ವರ್ಡ್ ಕಳಿಸುವುದು ನೋಂದಾಯಿಸಿದ ಇ-ಮೇಲಿಗೆ ಮಾತ್ರ ಎಂದರು. ಅದು ಹಿಂದಿನ ಅಧ್ಯಕ್ಷ ಶ್ರೀನಿವಾಸಪ್ಪನವರದು. ಅವರನ್ನು ಕೇಳಿದರೆ, ತಮಗೆ ಇ-ಮೇಲ್ ಇದೆ ಎನ್ನುವುದೇ ಅವರಿಗೆ ಹೊಸ ಸುದ್ದಿ. ಇಲ್ಲವಾದರೆ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಕಳಿಸಿ, ಮೂರು ನಾಲ್ಕು ದಿನ ಕಾಯಬೇಕು. ಗಂಗುಲಪ್ಪಜ್ಜನ ಮಲ್ಲಿಕಾ ಹುಲ್ಲಿನೊಳಗೆ ಹಣ್ಣಾಗಿ ಕೂತಿತ್ತು. ಅದು ಯಾವ ಅರ್ಜಿಗೂ ಕಾಯುವುದಿಲ್ಲ.

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ, ಅಪ್ಪ ಕಾಫಿಗೆ ಹೋಗಿ ಆಫೀಸಿನಲ್ಲಿ ಯಾರೂ ಇಲ್ಲದಾಗ, ನಾನೇ ಕೂತೆ. ಬಾಗಿಲು ತೆಗೆದು ಒಳಗೆ ಹೋಗಿ, ಎರಡನೆಯ ಕಡೆಯೂ ಸರಿಮಾಡಿ, ಏನೂ ಆಗದವಳ ಹಾಗೆ ನೀರು ಕುಡಿಯಲು ಎದ್ದುಹೋದರಾಯಿತು. ನನಗೆಬೇಡ ಎಂದು ಒತ್ತಿದೆ. ತಪ್ಪು ಎಂದಿತು. ಒಂದೊಂದೇ ಕೀಲಿ ನೋಡಿಕೊಂಡು ನಿಧಾನವಾಗಿ ಒತ್ತಿದೆ. ಹತ್ತು ಅಕ್ಷರ, ಹತ್ತು ಚುಕ್ಕಿ. ತಪ್ಪು. ಮೂರನೇ ಸಲ, ನಾಲ್ಕನೇ ಸಲ. ಕೊನೆಗೆ ಕೆಂಪು ಅಕ್ಷರದಲ್ಲಿ ಬಂತು: ತಪ್ಪು ಪ್ರಯತ್ನಗಳು ಹೆಚ್ಚಾದ್ದರಿಂದ ಇಪ್ಪತ್ನಾಲ್ಕು ಗಂಟೆ ಬಾಗಿಲು ಬಂದ್. ನಾಳೆ ಮೂರೇ ಅವಕಾಶ, ಅದೂ ತಪ್ಪಿದರೆ ಅರ್ಜಿ ಬಂದ ಮೇಲೆಯೇ.

ನನ್ನದೇ ಮಾತು ನನ್ನನ್ನೇ ಒಳಗೆ ಬಿಡಲಿಲ್ಲ. ಕೈ ತೊಳೆದುಕೊಂಡು ಬಂದೆ. ಕೂರಲಾಗದೆ ಮತ್ತೆ ಹೋಗಿ ತೊಳೆದುಕೊಂಡೆ.

ಹತ್ತು ಗಂಟೆಗೆ ಕದಿರೇಶ್ ಮತ್ತೆ ಬಂದು, ಬಾಗಿಲು ಪೂರ್ತಿ ಮುಚ್ಚಿದ್ದು ತೋರಿಸಿದಾಗ ನರಸಿಂಹಪ್ಪನವರ ಅನುಮಾನಕ್ಕೆ ಒಂದು ದಿಕ್ಕು ಸಿಕ್ಕಿತು. ಗಡಿಯಾಚೆಯ ಒಂದು ಮಂಡಿಯವರು ತಮಗೂ ವೆಬ್‌ಸೈಟ್ ಬೇಕೆಂದು ಹೋದ ತಿಂಗಳು ಕದಿರೇಶರನ್ನು ಕೇಳಿದ್ದರಂತೆ. ಪಾಸ್‌ವರ್ಡ್ ಗೋಡೆಯ ಮೇಲಿದ್ದರೂ ಅದನ್ನು ಎಲ್ಲಿ ಹಾಕಿ ಒಳಗೆ ಹೋಗಬೇಕೆಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಕೃಷ್ಣಮೂರ್ತಿಗಳ ಮಗಳು, ಮುಟ್ಟಿಲ್ಲ ಎನ್ನುತ್ತಾಳೆ. ಉಳಿದದ್ದು ಯಾರು?

‘ಏಮಯ್ಯಾ, ಅವರು ಎಷ್ಟು ಕೊಡ್ತೀನಿ ಅಂದ್ರು?’ ಎಂದರು ನರಸಿಂಹಪ್ಪನವರು, ಮೆತ್ತಗೆ. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು.

ಕದಿರೇಶ್ ಬ್ಯಾಗಿನ ಜಿಪ್ಪನ್ನು ಎಳೆಯುವುದು, ಬಿಡುವುದು ಮಾಡುತ್ತಾ ನಿಂತಿದ್ದರು. ನಾಳೆ ಮಧ್ಯಾಹ್ನ ಸಮಿತಿಯ ಸಭೆ ಕರೆದಿರುವುದಾಗಿಯೂ, ಅಷ್ಟರೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿಯೂ, ಮಾಲೂರಿನ ಹೆಂಚಿನ ಕಾರ್ಖಾನೆಯವರಿಗೂ ಒಂದು ಮಾತು ಹಾಕುವುದಾಗಿಯೂ ನರಸಿಂಹಪ್ಪನವರು ಹೇಳಿದರು. ಕದಿರೇಶರ ಕೈಯಲ್ಲಿದ್ದದ್ದು ಇವೆರಡೇ ಕೆಲಸ: ನಮ್ಮದು, ಆ ಹೆಂಚಿನವರದು. ಅವರು ಹೊರಡುವಾಗ ನನ್ನ ಮೇಜಿನ ಹತ್ತಿರ ನಿಂತರು. ನೀವೇನೂ ಹೆದರಬೇಡಿ ಮೇಡಂ, ನಿಮ್ಮ ಮೇಲೆ ಯಾರೂ ಹೇಳುವುದಿಲ್ಲ ಎಂದರು. ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ.

ನಾಲ್ಕು ಗಂಟೆಗೆ ಗಂಗುಲಪ್ಪಜ್ಜ ಬಂದು, ಫೋನ್ ಬಂದು ಉದ್ಧಾರವಾಗುವ ಹಾಗಿಲ್ಲ, ರಸ್ತೆ ಬದಿಯಲ್ಲೇ ಪೆಟ್ಟಿಗೆ ಇಟ್ಟು ಮಾರುತ್ತೇನೆ, ದಪ್ಪ ಅಕ್ಷರದಲ್ಲಿ ಒಂದು ಬೋರ್ಡು ಹೊಡೆದುಕೊಡು ಎಂದ. ನಾನು ಸ್ಕ್ರಾಲ್ ಲಾಕ್ ಕೀಲಿ ಒತ್ತಿದೆ. ನಮ್ಮ ಕಂಪ್ಯೂಟರಿನಲ್ಲಿ ಕನ್ನಡ ಬರುವುದೇ ಹಾಗೆ: ಆ ಕೀಲಿ ಒತ್ತಿದರೆ ಕೀಬೋರ್ಡಿನ ಬಲಮೂಲೆಯ ಮೂರನೇ ದೀಪ ಹತ್ತುತ್ತದೆ, ದೀಪ ಇರುವವರೆಗೆ ಕನ್ನಡ, ಇನ್ನೊಮ್ಮೆ ಒತ್ತಿದರೆ ದೀಪ ಆರಿ ಇಂಗ್ಲಿಷ್. ‘ಹುಲ್ಲಿನಲ್ಲಿ ಮಾಗಿಸಿದ ಮಲ್ಲಿಕಾ’ ಎಂದು ಹೊಡೆದು ಪ್ರಿಂಟು ಕೊಟ್ಟೆ. ಅಜ್ಜ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿಕೊಂಡು ಹೋದ. ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು ನನ್ನ ಇ-ಮೇಲ್ ತೆರೆಯಲು ಹೋದೆ. ಹೆಸರಿನ ಜಾಗದಲ್ಲಿ ನನ್ನ ಹೆಸರು ಬರಲಿಲ್ಲ. ತಲೆಯ ಮೇಲೆ ಟೊಪ್ಪಿ ಇಟ್ಟುಕೊಂಡ, ಬಾಲ ಬಿಟ್ಟುಕೊಂಡ ವಿಚಿತ್ರ ಅಕ್ಷರಗಳು ಬಂದವು. ದೀಪ ಇನ್ನೂ ಉರಿಯುತ್ತಿತ್ತು.

ಕೈ ಅಲ್ಲೇ ನಿಂತಿತು. ಕೆಳಗಿನ ಪಾಸ್‌ವರ್ಡಿನ ಪಟ್ಟಿಗೆ ಹೋಗಿ, ದೀಪ ಹಾಗೇ ಇಟ್ಟುಕೊಂಡು, ಒಂದು ಕೀಲಿ ಒತ್ತಿದೆ. ಒಂದು ಸಲ, ಒಂದೇ ಕೀಲಿ. ಚುಕ್ಕಿ ಎರಡು ಬಂದವು.

ಕನ್ನಡದ ಒಂದೊಂದು ಅಕ್ಷರವನ್ನೂ ಆ ಕಂಪ್ಯೂಟರು ಎರಡು ಮೂರು ತುಂಡು ಸೇರಿಸಿ ಮಾಡುತ್ತದೆ. ಶನಿವಾರ ಹಣ್ಣಿನ ಹೆಸರು ಹೊಡೆದ ಮೇಲೆ ನಾನು ದೀಪ ಆರಿಸಿರಲಿಲ್ಲ. ಚುಕ್ಕಿಗಳ ಹಿಂದೆ ಇದ್ದದ್ದು ಯಾರಿಗೂ ಓದಲು ಬಾರದ ಟೊಪ್ಪಿ ಬಾಲಗಳ ಸಾಲು. ಎರಡು ಸಲ ಕೇಳಿದಾಗ ಎರಡು ಸಲವೂ ಒಂದೇ ತಪ್ಪು ಮಾಡಿದ್ದರಿಂದ ಯಂತ್ರ ಅದನ್ನೇ ಸರಿ ಎಂದುಕೊಂಡಿತ್ತು. ಪ್ರಪಂಚದ ಯಾವ ಜಾಣನೂ ಇದನ್ನು ಊಹಿಸಲಾರ. ಇದೇ ಕಂಪ್ಯೂಟರಿನ ಮುಂದೆ, ದೀಪ ಹಾಕಿಕೊಂಡು, ನನಗೆಬೇಡ ಎಂದು ಒತ್ತಿದರೆ ಮಾತ್ರ ಆ ಬಾಗಿಲು ತೆರೆಯುತ್ತದೆ.

ನಾಳೆ ಬೆಳಗ್ಗೆ ಒಂಬತ್ತಕ್ಕೆ ಬಾಗಿಲಿನ ಬಂದ್ ಮುಗಿಯುತ್ತದೆ, ಎಲ್ಲರಿಗಿಂತ ಮೊದಲು ಬಂದು ನಾನೇ ತೆರೆದುಬಿಡುತ್ತೇನೆ ಎಂದುಕೊಂಡೆ. ಸಂಜೆಯ ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ನಾಳೆ ಬುಧವಾರ. ನಾಳೆ ಒಂಬತ್ತಕ್ಕೆ ನಾನು ಇರುವುದು ಶ್ರೀನಿವಾಸಪುರದಲ್ಲಲ್ಲ, ಕೋಲಾರದ ದಾರಿಯಲ್ಲಿ.

ಮುಳಬಾಗಿಲಿನಲ್ಲಿ ಇಳಿದಾಗ ಅಪ್ಪನಿಗೆ ಕೊತ್ತಂಬರಿ ಸೊಪ್ಪು ತರುತ್ತೇನೆ ಎಂದು ಹೇಳಿ ಹಿಂದೆ ಉಳಿದೆ. ಅಂಗಡಿಯ ಮುಂದಿದ್ದ ಕಾಯಿನ್ ಫೋನಿಗೆ ಒಂದು ರೂಪಾಯಿ ಹಾಕಿ ಕದಿರೇಶರ ನಂಬರು ಒತ್ತಿದೆ. ಎರಡೇ ಸಲ ರಿಂಗಾಗಿ ‘ಹಲೋ’ ಎಂದರು. ದಣಿದ ದನಿ. ಹಿಂದೆ ಯಾರೋ ಹೆಂಗಸು ಊಟಕ್ಕೆ ಬಾರೋ ಎಂದು ಕರೆಯುತ್ತಿದ್ದರು. ಯಾರು, ಯಾರು ಮಾತಾಡ್ತಿರೋದು ಎಂದು ಕೇಳಿದರು. ಫೋನ್ ಇಟ್ಟೆ. ಇನ್ನೊಂದು ರೂಪಾಯಿ ಕೈಯಲ್ಲೇ ಬೆವೆತು ಕೂತಿತು. ಸೊಪ್ಪಿಲ್ಲದೆ ಮನೆಗೆ ಹೋದೆ. ಅಮ್ಮ ನನ್ನ ಮಾರ್ಕ್ಸ್ ಕಾರ್ಡುಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಕುರುಡುಮಲೆಯಿಂದ ತಂದ ಕುಂಕುಮದ ಪೊಟ್ಟಣವನ್ನು ಜೊತೆಗಿಟ್ಟು, ದೇವರ ಮುಂದೆ ಇಟ್ಟಿದ್ದರು.

ಬುಧವಾರ ಒಂಬತ್ತೂ ಹತ್ತಕ್ಕೆ ನಾವು ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿದ್ದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಪ್ಲಾಸ್ಟಿಕ್ ಕವರನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು. ಕೋಲಾರದ ಬಸ್ಸು ಬಂದು ನಿಂತಿತ್ತು. ಕಂಡಕ್ಟರು ಕೋಲಾರ ಕೋಲಾರ ಎಂದು ಕೂಗುತ್ತಾ ಬಾಗಿಲಿನ ತಗಡು ಬಡಿಯುತ್ತಿದ್ದ. ಈ ಹೊತ್ತಿಗೆ ಅಲ್ಲಿ ಬಾಗಿಲಿನ ಬಂದ್ ಮುಗಿದಿರುತ್ತದೆ, ಕದಿರೇಶ್ ಆ ನಿಂಬೆಹಣ್ಣಿನ ಕೆಳಗೆ ಕೂತಿರುತ್ತಾರೆ, ಮೂರು ಅವಕಾಶದಲ್ಲಿ ಎಷ್ಟು ಕಳೆದಿವೆಯೋ ಎಂದು ಯೋಚಿಸುತ್ತಿದ್ದೆ. ಅಪ್ಪನ ಮೊಬೈಲು ಹೊಡೆದುಕೊಂಡಿತು.

ಅಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮೊಬೈಲಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಗ್ಗಿದರು.

‘ನರಸಿಂಹಪ್ಪನವರು. ಎರಡು ಸಲ ತಪ್ಪಾಯ್ತಂತೆ, ಇನ್ನೊಂದೇ ಉಳಿದಿರೋದಂತೆ. ಶನಿವಾರ ಕೊನೇಲಿ ಅದರ ಮುಂದೆ ಇದ್ದೋಳು ನೀನೇ ಅಲ್ವಾ, ಏನಾದ್ರೂ ನೆನಪಿದ್ಯಾ ಅಂತ ಆ ಹುಡುಗ ಕೇಳ್ತಿದಾನಂತೆ.’ ಬಸ್ಸಿನ ಕಡೆ ಒಮ್ಮೆ ನೋಡಿದರು. ‘ಇಲ್ಲ ಅಂತ ಹೇಳ್ಬಿಡ್ತೀನಿ, ಹತ್ತು.’

ನಾನು ಕೈ ಚಾಚಿದೆ. ಅಪ್ಪ ಅರ್ಥವಾಗದೆ ಕವರನ್ನು ಕೊಡಲು ಬಂದರು. ಅದನ್ನಲ್ಲ ಎಂದು ತಲೆಯಾಡಿಸಿ ಮೊಬೈಲನ್ನು ತೆಗೆದುಕೊಂಡೆ. ಕದಿರೇಶರಿಗೆ ಕೊಡಿ ಎಂದೆ.

‘ಹೇಳಿ ಮೇಡಂ.’

ನಾನು ಬದಲಾಯಿಸಿದ್ದೆ ಎಂದು ಹೇಳಿದೆ. ಕೇಳಿಸುತ್ತಿಲ್ಲ ಎಂದರು. ಪಕ್ಕದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇನ್ನೂ ಜೋರಾಗಿ ಹೇಳಿದೆ. ಶನಿವಾರ ಬದಲಾಯಿಸಿದ್ದು ನಾನೇ, ಸೋಮವಾರ ಸುಳ್ಳು ಹೇಳಿದೆ, ನಿನ್ನೆ ಬಾಗಿಲು ಬಂದ್ ಮಾಡಿಸಿದ್ದೂ ನಾನೇ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಸ್ಕ್ರಾಲ್ ಲಾಕ್ ಒತ್ತಿ, ಮೂರನೇ ದೀಪ ಹತ್ತಬೇಕು, ಆಮೇಲೆ ಇಂಗ್ಲಿಷ್ ಕೀಲಿ ನೋಡಿಕೊಂಡು ಹೊಡೆಯಿರಿ, ಚುಕ್ಕಿ ಜಾಸ್ತಿ ಬಂದರೆ ಗಾಬರಿಯಾಗಬೇಡಿ ಎಂದೆ.

‘ದೀಪ ಬಂತು. ಪಾಸ್‌ವರ್ಡ್ ಹೇಳಿ.’

‘ನನಗೆ ಬೇಡ.’

‘ನಿಮಗೆ ಬೇಡ ಅಂದ್ರೆ ಹೆಂಗೆ ಮೇಡಂ, ಇಲ್ಲಿ ನನ್ನ ಕುತ್ತಿಗೇಗೆ ಬಂದಿದೆ. ದಯವಿಟ್ಟು ಹೇಳಿ.’

‘ಅದೇ ಪಾಸ್‌ವರ್ಡು. ನನಗೆ ಬೇಡ. ಜಾಗ ಬಿಡ್ಬೇಡಿ. ಎಲ್ಲಾ ಸಣ್ಣಕ್ಷರ.’

ತಗಡು ಬಡಿಯುತ್ತಿದ್ದ ಕಂಡಕ್ಟರು ನಿಲ್ಲಿಸಿ ನನ್ನ ಕಡೆ ತಿರುಗಿದ. ನಾನು ಅಷ್ಟು ಜೋರಾಗಿ ಕೂಗಿದ್ದೆ ಎಂದು ಆಗ ಗೊತ್ತಾಯಿತು. ಮೊಬೈಲಿನೊಳಗೆ ಕೀಲಿಗಳ ಸದ್ದು ಒಂದೊಂದಾಗಿ ಬಂತು. ನಾನು ಬೆರಳು ಮಡಿಸಿ ಎಣಿಸಿದೆ. ಹತ್ತು. ಆಮೇಲೆ ಇನ್ನೊಂದು, ಗಟ್ಟಿಯಾಗಿ.

‘ತೆಗೀತು,’ ಎಂದರು ಕದಿರೇಶ್. ಉಸಿರು ಬಿಟ್ಟದ್ದು ಕೇಳಿಸಿತು. ‘ತೆಗೀತು ಮೇಡಂ. ಎರಡನೇ ಕಡೆ ನಾನು ಹಾಕ್ಕೋತೀನಿ, ಐದು ನಿಮಿಷ.’ ಹಿಂದಿನಿಂದ ಗಂಗುಲಪ್ಪಜ್ಜ, ಟೀಚರಮ್ಮನಿಗೆ ಏನು ಬೇಡವಂತೋ ಎಂದು ಕೇಳುತ್ತಿದ್ದ. ಯಾರೋ ನಕ್ಕರು. ಫೋನು ಕಟ್ಟಾಯಿತು.

ಮೊಬೈಲನ್ನು ಅಪ್ಪನ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಕವರು ಅವರ ಎದೆಯ ಮೇಲೇ ಇತ್ತು. ಪ್ಲಾಸ್ಟಿಕ್ಕಿನೊಳಗೆ ಕುಂಕುಮದ ಪೊಟ್ಟಣ ಬಿಚ್ಚಿಕೊಂಡು ಮೊದಲನೇ ಕಾರ್ಡಿನ ಅಂಚಿಗೆ ಕೆಂಪು ಹತ್ತಿತ್ತು.

‘ಏನು ಬೇಡ?’ ಎಂದರು.

ಅದು ಬರೀ ಪಾಸ್‌ವರ್ಡ್ ಅಪ್ಪ, ಬಾಯಿಗೆ ಬಂದದ್ದು ಹಾಕಿದ್ದೆ. ಹೀಗೆ ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವರೂ ಅದನ್ನೇ ಕಾಯುತ್ತಿದ್ದರು ಎನಿಸುತ್ತದೆ. ಹೇಳಿದ್ದರೆ ನಕ್ಕು, ನನ್ನ ಬೆನ್ನ ಮೇಲೆ ಕೈಯಿಟ್ಟು ಬಸ್ಸು ಹತ್ತಿಸುತ್ತಿದ್ದರು. ಡ್ರೈವರು ಬಂದು ಕೂತ. ಇಂಜಿನ್ ಶುರುವಾಯಿತು. ಕಿಟಕಿಯ ಪಕ್ಕ ಕೂತವರೆಲ್ಲ ನಮ್ಮ ಕಡೆಯೇ ನೋಡುತ್ತಿದ್ದರು. ಇಷ್ಟು ಮುಖಗಳು. ತಿರುಗಿ ನಿಲ್ಲೋಣವೆಂದರೆ ಅಲ್ಲಿ ಬೋರ್ಡು ಇರಲಿಲ್ಲ.

‘ಬಿ.ಎಡ್. ಅಪ್ಪ,’ ಎಂದೆ. ‘ನನಗೆ ಬಿ.ಎಡ್. ಬೇಡ.’